ಒಂದಂಗುಲ ಬಿಟ್ಟಿದೆ

"ಅಜ್ಜಾರ, ನೀವು ಹೇಳಿದ್ದನ್ನ ಬರದಿಡಾಕ ಯಾಕ ಒಪ್ಪೂದಿಲ್ರೀ? ನಾಳೆ ನೀವು ಇಲ್ಲದಾಗ ನಾವು ಏನು ನೋಡಿ ನಡೀಬೇಕು?" ಎಂದು ಮಡಿವಾಳಯ್ಯ ಕೇಳಿದ.

ಹತ್ತು ವರ್ಷದಿಂದ ಗುರುಗಳ ಸೇವೆಯಲ್ಲಿದ್ದ ಶಿಷ್ಯ ಅವನು. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಹೆರಿಗೆ ಎಂದರೆ ಹೆಣ್ಣುಮಕ್ಕಳು ನಡುಗುತ್ತಿದ್ದರು. ತೊಟ್ಟಿಲು ಕಟ್ಟಬೇಕಾದ ಮನೆಯಲ್ಲಿ ಚಟ್ಟ ಕಟ್ಟುತ್ತಿದ್ದ ಕಾಲ. ಅಲ್ಲಿ ಸರಕಾರ ಒಂದು ಹೆರಿಗೆ ಆಸ್ಪತ್ರೆ ಕಟ್ಟಿಸಿತು. ಸಿಮೆಂಟು, ಕಬ್ಬಿಣ ಸೇರಿಸಿ ಹೊಸ ರೀತಿಯಲ್ಲಿ ಕಟ್ಟಿದ, ಆ ಸೀಮೆಗೇ ಮೊದಲ ಕಟ್ಟಡ ಅದು. ಕಮಾನಿಲ್ಲ, ಕೆತ್ತಿದ ಕಂಬವಿಲ್ಲ, ಗೋಪುರವಿಲ್ಲ. ಇನ್ನೂರು ಅಡಿ ಉದ್ದದ ಚಪ್ಪಟೆ ತಾರಸಿ, ಅಗಲ ಕಿಟಕಿಗಳ ಸಾಲು, ಮೈತುಂಬ ಬಿಳಿ ಸುಣ್ಣ. ಊರವರು ನಕ್ಕರು. ಹೆಣ್ಣು ಮರುಹುಟ್ಟು ಪಡೆಯುವ ಜಾಗ, ನೋಡಿದರೆ ಬೆಂಕಿಪೊಟ್ಟಣದ ಹಾಗಿದೆಯಲ್ಲ ಎಂದರು. ಆದರೆ ಆ ಕಿಟಕಿಗಳಿಂದ ಗಾಳಿ ಬೆಳಕು ಬಂದವು. ಸಂದಿಗೊಂದಿ ಇಲ್ಲದ ಕೋಣೆ ಒಮ್ಮೆ ತೊಳೆದರೆ ಶುಚಿಯಾಯಿತು. ಬಾಣಂತಿಯರು ಬದುಕಿ ಮನೆಗೆ ಹೋದರು. ನಕ್ಕವರು ತಮ್ಮ ಸೊಸೆಯಂದಿರನ್ನೂ ಅಲ್ಲಿಗೇ ಕರೆತಂದರು.

ಸಿಮೆಂಟು ಬಿಸಿಲಿಗೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಅಷ್ಟುದ್ದದ ಕಟ್ಟಡಕ್ಕೆ ಹಿಗ್ಗಲು ಎಡೆ ಬೇಕು. ಇದು ಕಟ್ಟಿಸಿದ ಎಂಜಿನಿಯರನಿಗೆ ಗೊತ್ತಿತ್ತು. ಅದಕ್ಕೆ ಅವನು ಕಟ್ಟಡವನ್ನು ನಟ್ಟನಡುವೆ ಎರಡು ತುಂಡಾಗಿಯೇ ಕಟ್ಟಿಸಿದ. ಎರಡರ ನಡುವೆ ಕೆಳಗಿನಿಂದ ತಾರಸಿಯವರೆಗೆ ಒಂದಂಗುಲದ ಸಂದು ಉಳಿಸಿದ. ಮಳೆ ಇಳಿಯದಂತೆ ಮೇಲೆ ತಾಮ್ರದ ಪಟ್ಟಿ ಹೊದಿಸಿದ. ನಕ್ಷೆಯ ಹಾಳೆಯಲ್ಲಿ ಆ ಸಂದಿನ ಗೆರೆಯ ಪಕ್ಕ ತನ್ನ ಕೈಯಾರೆ ಬರೆದ: 'ಇಲ್ಲಿ ಒಂದಂಗುಲ ಬಿಟ್ಟಿದೆ.' ಆ ಹಾಳೆಗೆ ಚೌಕಟ್ಟು ಹಾಕಿ ಆಸ್ಪತ್ರೆಯ ಗೋಡೆಗೆ ತೂಗುಹಾಕಿದರು. ಎಂಜಿನಿಯರು ವರ್ಗವಾಗಿ ಹೋದ.

ನಲವತ್ತು ವರ್ಷ ಕಳೆಯಿತು. ಮನೆ ಕಟ್ಟಿ ನೋಡು ಎನ್ನುತ್ತಾರೆ. ಕಟ್ಟಿದ್ದನ್ನು ಉಳಿಸಿ ನೋಡು ಎಂದು ಯಾರೂ ಎನ್ನುವುದಿಲ್ಲ. ಸುಣ್ಣ ಉದುರಿತು. ತಾಮ್ರದ ಪಟ್ಟಿಯನ್ನು ಯಾವನೋ ಕಿತ್ತು ಮಾರಿಕೊಂಡ. ಸಂದಿನೊಳಗೆ ಮಳೆನೀರು ಇಳಿಯಿತು. ಇದನ್ನು ಕೆಡವಿ ಅಂಗಡಿ ಸಾಲು ಕಟ್ಟೋಣ ಎಂದು ಊರಿನ ಮುಖಂಡರು ಮಾತಾಡಿಕೊಂಡರು.

ಅದೇ ಊರಿನಲ್ಲಿ ಗೋಡೆ ಕಟ್ಟುವ ಗೌಂಡಿಯೊಬ್ಬನಿದ್ದ. ಅವನ ತಾಯಿ ಅವನನ್ನು ಮನೆಯಲ್ಲಿ ಹೆತ್ತು ಸತ್ತವಳು. ಅವನ ಹೆಂಡತಿ ಎರಡು ದಿನ ನೋವು ತಿಂದು, ಆ ಆಸ್ಪತ್ರೆಯಲ್ಲಿ ಹೆತ್ತು ಬದುಕಿದಳು. ಹುಟ್ಟಿದವಳು ಒಬ್ಬಳೇ ಮಗಳು. ಅಂದಿನಿಂದ ಅವನು ಆ ಆಸ್ಪತ್ರೆಯ ಮೆಟ್ಟಿಲಿಗೆ ಚಪ್ಪಲಿ ಹಾಕಿಕೊಂಡು ಕಾಲಿಟ್ಟವನಲ್ಲ. ಕೆಡವುತ್ತಾರೆಂಬ ಸುದ್ದಿ ಕೇಳಿ ಮುಖಂಡರ ಕಾಲು ಹಿಡಿದ. ಕೂಲಿ ಬೇಡ, ಸಾಮಾನು ಕೊಡಿಸಿದರೆ ಸಾಕು, ಕಟ್ಟಡ ಉಳಿಸಿಕೊಡುತ್ತೇನೆ ಎಂದ. ಪುಕ್ಕಟೆ ಸಿಗುವುದನ್ನು ಬೇಡ ಎನ್ನುವವರು ಯಾರು? ಅವರು ಒಪ್ಪಿದರು.

ಗೌಂಡಿ ಕಟ್ಟಡವನ್ನೆಲ್ಲ ಸುತ್ತಿ ನೋಡಿದ. ನಡುವಿನ ಸಂದು ಕಂಡಿತು. ಗೋಡೆಯ ಮೇಲಿನ ಹಾಳೆಯನ್ನು ಅಕ್ಷರ ಕೂಡಿಸಿ ಓದಿದ. ಗೌಂಡಿಗಳ ಬಾಯಲ್ಲಿ ಗೋಡೆ ಬಿಟ್ಟಿದೆ ಎಂದರೆ ಬಿರುಕು ಬಿಟ್ಟಿದೆ ಎಂದೇ ಅರ್ಥ. ಬೇರೆ ಅರ್ಥ ಅವರಿಗೆ ಹೊಳೆಯುವುದಿಲ್ಲ. ಇಲ್ಲಿ ಒಡೆದಿದೆ ಎಂದು ದೊಡ್ಡ ಮನುಷ್ಯನೊಬ್ಬ ಬರೆದಿಟ್ಟು ಹೋಗಿದ್ದಾನೆ, ನಲವತ್ತು ವರ್ಷ ಒಬ್ಬನೂ ಅತ್ತ ತಿರುಗಿ ನೋಡಲಿಲ್ಲವಲ್ಲ ಎಂದು ಊರನ್ನೆಲ್ಲ ಶಪಿಸಿದ. ಮೊದಲು ಅದನ್ನೇ ಮುಚ್ಚಲು ಕೂತ.

ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ಕಸ ಗುಡಿಸುತ್ತಿದ್ದ ಮುದುಕಿ ಬಂದು ನಿಂತಳು. "ತಮ್ಮಾ, ಅದನ್ನ ಮುಚ್ಚಬ್ಯಾಡೋ. ಮುಂಜಾನೆ ಅದರಾಗ ಕಸಬರಗಿ ಹಿಡಿ ಸಿಗಸಿದರ, ಬ್ಯಾಸಗಿ ಮಧ್ಯಾಹ್ನ ಜಗ್ಗಿದರೂ ಬರೂದಿಲ್ಲ. ಗ್ವಾಡಿ ಉಸಿರಾಡತೈತಿ."

"ಉಸಿರಾಡೂ ಗ್ವಾಡಿ ಬೀಳೂ ಗ್ವಾಡಿ ಬೇ ಯವ್ವಾ. ನೀ ಕಸಾ ಹೊಡಿ, ಗ್ವಾಡಿ ನಾ ನೋಡಕೋತೀನಿ" ಎಂದು ಗೌಂಡಿ ನಕ್ಕ.

ಇಪ್ಪತ್ತು ದಿನ ಅದೊಂದೇ ಕೆಲಸ ಮಾಡಿದ. ಕಬ್ಬಿಣದ ಚೂರು, ಜಲ್ಲಿ, ಸಿಮೆಂಟು ಸೇರಿಸಿ ಗಿಡಿದು ತುಂಬಿದ. ಮೇಲೆ ಎಷ್ಟು ನುಣುಪಾಗಿ ಗಿಲಾವು ಮಾಡಿದನೆಂದರೆ, ಕಣ್ಣು ಮುಚ್ಚಿ ಬೆರಳಾಡಿಸಿದರೆ ಸಂದು ಎಲ್ಲಿತ್ತು ಎಂದು ಅವನಿಗೇ ತಿಳಿಯಲಿಲ್ಲ. ಮುಖಂಡರು ಶಾಲು ಹೊದಿಸಿದರು. ಕೆಡವುವ ಮಾತು ಬಿಟ್ಟರು. ಆ ವರ್ಷ ಅವನಷ್ಟು ಸುಖಿ ಆ ಊರಿನಲ್ಲಿ ಇನ್ನೊಬ್ಬನಿರಲಿಲ್ಲ.

ಬೇಸಿಗೆ ಬಂತು. ಕಿಟಕಿಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಗೌಂಡಿ ತುಂಬಿದ. ಮರುವಾರ ಬಾಗಿಲ ಮೇಲೆ ಇನ್ನೊಂದು. ಅದನ್ನೂ ತುಂಬಿದ. ಎರಡನೆಯ ಬೇಸಿಗೆಯಲ್ಲಿ ಬಿರುಕುಗಳು ಅವನ ಕೈಗಿಂತ ಚುರುಕಾದವು. ಸಿಮೆಂಟನ್ನು ಬೈದ, ಮರಳನ್ನು ಬೈದ, ಗಾರೆ ಕಲಸಿದ ಆಳುಗಳನ್ನು ಬೈದ. ನಡುವಿನ ಆ ಕೆಲಸದ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ, ಏಕೆಂದರೆ ಇಡೀ ಕಟ್ಟಡದಲ್ಲಿ ಬಿರುಕು ಕಾಣದ ಜಾಗ ಅದೊಂದೇ. ಹಿಗ್ಗಿದ ಕಟ್ಟಡ ನಡುವೆ ಎಡೆ ಸಿಗದೆ ಎರಡೂ ತುದಿಗಳನ್ನು ನೂಕುತ್ತಿತ್ತು. ತಾರಸಿಯ ಅಂಚಿನ ಗೋಡೆ ದಿನದಿನವೂ ಕಣ್ಣಿಗೆ ಕಾಣದಷ್ಟು ಹೊರಗೆ ಸರಿಯುತ್ತಿತ್ತು.

ಮೂರನೆಯ ಬೇಸಿಗೆಗೆ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬೀಗರು ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುತ್ತೇವೆ ಎಂದರು. ಗೌಂಡಿ ಬಿಲ್ಕುಲ್ ಒಪ್ಪಲಿಲ್ಲ. ಅವಳು ಹುಟ್ಟಿದ ಜಾಗ, ತಾನು ಕಾಪಾಡಿದ ಜಾಗ, ಅಲ್ಲೇ ಆಗಬೇಕು ಎಂದ.

ನೋವು ಶುರುವಾದ ಮಧ್ಯಾಹ್ನ ದಾದಿ ಅವಳಿಗೆ ನಾಲ್ಕು ಹೆಜ್ಜೆ ಓಡಾಡಲು ಹೇಳಿದಳು. ಅವಳು ಹೊರಗೆ ಕಟ್ಟಡದ ತುದಿಗೋಡೆಯ ನೆರಳಿನಲ್ಲಿ ಹೆಜ್ಜೆ ಹಾಕುತ್ತಿದ್ದಳು. ಗೌಂಡಿ ನೀರು ತರಲು ಒಳಗೆ ಹೋಗಿದ್ದ. ತಾರಸಿಯ ಅಂಚಿನ ಗೋಡೆ ಹತ್ತು ಅಡಿಯಷ್ಟು ಒಮ್ಮೆಗೇ ಕಳಚಿ ಅವಳ ಮೇಲೆ ಬಿತ್ತು. ಅವನು ಓಡಿ ಬಂದು ಬರಿಗೈಯಲ್ಲಿ ಕಲ್ಲು ಸಿಮೆಂಟು ಸರಿಸಿದ. ತಾಯಿಯೂ ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಕಟ್ಟಿಸಿದ ಎಂಜಿನಿಯರು ಇನ್ನೂ ಬದುಕಿದ್ದ, ಹೇಳಿಕಳಿಸಿದರು. ಅವನು ಬಂದು ನಡುವಿನ ಗೋಡೆಯ ಮೇಲೆ ಕೈಯಿಟ್ಟು ನೋಡಿದ. ಗೌಂಡಿ ಹಾಳೆಯ ಮುಂದೆ ನಿಂತಿದ್ದ. "ಸಾಹೇಬ್ರ, ಇಲ್ಲಿ ಬಿಟ್ಟಿದೆ ಅಂತ ನೀವ ಬರದೀರಲ್ರೀ. ಅದಕ್ಕ ಮುಚ್ಚಿದೆ" ಎಂದ.

"ಅದು ಒಡೆದದ್ದಲ್ಲ. ಬೇಕಂತಲೇ ನಾನು ಬಿಟ್ಟದ್ದು."

ಗೌಂಡಿ ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಹಂಗಾದ್ರ 'ಬಿಟ್ಟೀನಿ' ಅಂತ ಬರೀಬೇಕಾಗಿತ್ರೀ" ಎಂದ.

ಕಟ್ಟಡ ಅಪಾಯದ್ದೆಂದು ಕೆಡವಲು ಹುಕುಂ ಆಯಿತು. ಕೆಡವುವವರು ಬರುವವರೆಗೆ ಗೌಂಡಿ ದಿನವೂ ಉಳಿ ಸುತ್ತಿಗೆ ಹಿಡಿದು ಆ ಸಂದನ್ನು ಬಿಡಿಸುತ್ತಿದ್ದ. ಹುಚ್ಚು ಹಿಡಿದಿದೆ ಎಂದು ಜನ ಅವನನ್ನು ಅವನ ಪಾಡಿಗೆ ಬಿಟ್ಟರು. ಎದೆಮಟ್ಟದವರೆಗೆ ಬಿಡಿಸಿದ್ದನಂತೆ. ಆಮೇಲೆ ಅಲ್ಲಿ ಅಂಗಡಿ ಸಾಲು ಎದ್ದಿತು. ಬಸುರಿಯರು ನಲವತ್ತು ಮೈಲಿ ದೂರ ಹೋಗಬೇಕಾಯಿತು. ಎಲ್ಲರೂ ತಲುಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ಸಮಾಧಾನವಾಗಲಿಲ್ಲ.

"ಬರದಾಂವ ಖರೇನ ಬರದಿದ್ದ ಅಲ್ರೀ ಅಜ್ಜಾರ? ಓದಿದಾಂವಂದು ತಪ್ಪು" ಎಂದ.

"ಬರದಾಂವ ನಾನು, ಮಡಿವಾಳಯ್ಯ, ಅವತ್ತು ನಾನೂ ಹಿಂಗ ಅಂದ್ಕೊಂಡ ಮನಿಗೆ ಬಂದೆ" ಎಂದರು ಗುರುಗಳು.