ಇಂದುಮತಿಯ ಟೈರಿಗೆ ಎಷ್ಟು ಗಾಳಿ?

ಹೊಳೆ ದಂಡೆಯಲ್ಲಿ ಹಳೆಯದೊಂದು ವಿಮಾನಪಟ್ಟಿ. ಅಲ್ಲಿ ವಿಮಾನ ಇಳಿದದ್ದನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಭಾನುವಾರ ಬಂತೆಂದರೆ ಬೈಕುಗಳು ಓಡುತ್ತವೆ. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡು ರೇಸಿನ ಹುಚ್ಚು ಬಿಡಲಾರದವರು ಸೇರಿ ಕಟ್ಟಿಕೊಂಡ ಕ್ಲಬ್ಬು ಅದು.

ಪಟ್ಟಿಯ ಅಂಚಿಗೆ ಒಂದು ತಗಡಿನ ಶೆಡ್ಡು, ಅದರೊಳಗೆ ಅಂತೋಣಪ್ಪ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಲವತ್ತು ವರ್ಷ ಟೈರು ಬಿಚ್ಚಿ ಟೈರು ಹಾಕಿದವರು. ಆದರೂ ಎಲ್ಲರ ಬಾಯಲ್ಲೂ ಮೇಷ್ಟ್ರೇ.

ಇಂದುಮತಿ ಅವರ ಶಿಷ್ಯೆ, ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್. ವಾರವೆಲ್ಲ ಜನರ ಹೊಲಗದ್ದೆ ಅಳೆಯುವುದು, ಭಾನುವಾರ ಬೈಕು ಓಡಿಸುವುದು. ಅಳತೆ ಸರಿಯಿದ್ದರೆ ಜಗಳವೇ ಇರುವುದಿಲ್ಲ ಎಂದು ಅವಳ ನಂಬಿಕೆ.

ಒಂದು ಭಾನುವಾರ ಅವಳು ಮೂರನೇ ತಿರುವಿನಲ್ಲಿ ಬಿದ್ದಳು. ಆ ಸೀಸನ್ನಿನಲ್ಲಿ ಅದು ಎರಡನೇ ಸಲ. ಹಿಂದಿನ ಸಲ ಬಿದ್ದದ್ದೂ ಅಲ್ಲೇ.

ಕ್ಲಬ್ಬಿನ ನಿಯಮ ಒಂದಿತ್ತು: ಒಂದು ಸೀಸನ್ನಿನಲ್ಲಿ ಮೂರು ಸಲ ಬಿದ್ದವರ ಕಾರ್ಡು, ಅಂದರೆ ರೇಸಿಗಿಳಿಯುವ ಪರವಾನಗಿ, ವಾಪಸು. ಒಮ್ಮೆ ಹೋದ ಕಾರ್ಡು ಮತ್ತೆ ಸಿಕ್ಕಿದ ಉದಾಹರಣೆ ಇರಲಿಲ್ಲ. ನಾಲ್ಕು ವರ್ಷದಿಂದ ಓಡಿಸುತ್ತಿದ್ದರೂ ಇಂದುಮತಿ, ಒಮ್ಮೆ ಬಿದ್ದು, ಒಮ್ಮೆ ಅರ್ಧಕ್ಕೇ ಹೊರಬಂದು, ಒಂದೇ ಒಂದು ರೇಸನ್ನೂ ಕೊನೆಯ ಗೆರೆಯವರೆಗೆ ಮುಗಿಸಿದವಳಲ್ಲ. ಗೆಲ್ಲಬೇಕೆಂಬ ಆಸೆ ಅವಳಿಗೆ ಇರಲಿಲ್ಲ. ಮುಗಿಸಬೇಕಿತ್ತು, ಅಷ್ಟೇ. ಮುಂದಿನ ಭಾನುವಾರವೇ ಸೀಸನ್ನಿನ ಕಡೇ ರೇಸು.

ಮೊಣಕೈಗೆ ಮೆತ್ತಿದ್ದ ಮಣ್ಣು ಒರೆಸುತ್ತಾ ಅವಳು ಬೈಕು ತಳ್ಳಿಕೊಂಡು ಬಂದಳು. ದಾರಿಯಲ್ಲಿ ದೇವಯ್ಯ ನಿಂತಿದ್ದ. ಕ್ಲಬ್ಬಿನಲ್ಲಿ ಅವನಷ್ಟು ಜೋರಾಗಿ ಓಡಿಸುವವನು ಇನ್ನೊಬ್ಬನಿಲ್ಲ.

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅನ್ನೋಣ ಅಂದ್ರೆ, ನಿಮಗೆ ಮೀಸೇನೂ ಇಲ್ವಲ್ಲ ಮೇಡಂ!” ಅಂದ.

ಇಂದುಮತಿ ಅವನನ್ನು ದಾಟಿಕೊಂಡು ನೇರ ಶೆಡ್ಡಿಗೆ ನಡೆದಳು.

“ಮೇಷ್ಟ್ರೇ, ಮುಂದಿನ ಟೈರಿಗೆ ಎಷ್ಟು ಗಾಳಿ ಹಾಕಲಿ?”

ಮೇಷ್ಟ್ರು ತಲೆಯೆತ್ತಿದರು. “ಯಾಕಮ್ಮ ಬಿದ್ದೆ?”

“ಗ್ರಿಪ್ ಸಿಗಲಿಲ್ಲ. ಟೈರೇ ಸರಿಯಿಲ್ಲ.”

“ಹೂಂ,” ಎಂದು ಮೇಷ್ಟ್ರು ಕೈಯಲ್ಲಿದ್ದ ಟ್ಯೂಬಿಗೆ ತಿರುಗಿ ತೇಪೆ ಹಚ್ಚತೊಡಗಿದರು. ಅವಳು ಇನ್ನೂ ಹತ್ತು ನಿಮಿಷ ಕಾದಳು. ಅವರು ಟ್ಯೂಬನ್ನು ನೀರಿಗಿಟ್ಟು ಗುಳ್ಳೆ ಬರುತ್ತದೇನೋ ಎಂದು ನೋಡುತ್ತಿದ್ದರು.

ಶನಿವಾರ ಬೆಳಿಗ್ಗೆ ರಜೆ ಹಾಕಿ ಮತ್ತೆ ಬಂದಳು. ರೇಸಿಗೆ ಉಳಿದದ್ದು ಒಂದೇ ದಿನ.

“ಗಾಳಿ ಎಷ್ಟು ಅಂತ ಹೇಳಿಬಿಡಿ ಮೇಷ್ಟ್ರೇ, ನಿಮ್ಮ ದಮ್ಮಯ್ಯ.”

“ಯಾಕೆ ಬಿದ್ದೆ?”

ಇಂದುಮತಿ ಯೋಚಿಸಿದಳು. “ಮೂರನೇ ತಿರುವಲ್ಲಿ ಮರಳಿತ್ತು. ಹೊಳೆ ಕಡೆಯಿಂದ ಗಾಳಿಗೆ ಬಂದು ಬೀಳುತ್ತೆ.”

ಮೇಷ್ಟ್ರು ಮೂಲೆಯಲ್ಲಿದ್ದ ಪೊರಕೆ ತೆಗೆದು ಅವಳ ಕೈಗೆ ಕೊಟ್ಟರು.

ಬಿಸಿಲು ಏರುತ್ತಿತ್ತು. ಇಂದುಮತಿ ತಿರುವಿನ ಈ ತುದಿಯಿಂದ ಆ ತುದಿಯವರೆಗೆ ಗುಡಿಸಿದಳು. ಕಚೇರಿಯವರು ಯಾರಾದರೂ ನೋಡಿದರೆ ಮಾನ ಹೋಯಿತು ಅಂದುಕೊಳ್ಳುತ್ತಲೇ ಗುಡಿಸಿದಳು. ಸಿಕ್ಕಿದ್ದು ನಾಲ್ಕು ಎಲೆ, ಒಂದು ಗುಟ್ಕಾ ಚೀಟಿ, ಒಂದು ಹಿಡಿಗೂ ಸಾಲದಷ್ಟು ಮರಳು.

ಅದನ್ನೆಲ್ಲ ಕಾಗದದಲ್ಲಿ ಸುತ್ತಿ ತಂದು ಮೇಷ್ಟ್ರ ಮುಂದಿಟ್ಟಳು. ಅವರು ನೋಡಿದರು.

“ಇಷ್ಟಕ್ಕೇ ಬಿದ್ಯಾ?”

ಅವಳು ಮಾತು ಮರೆಸಿ ಚೀಲ ಬಿಚ್ಚಿದಳು. ಅದರಲ್ಲಿ ಟೈರಿನ ಗಾಳಿ ಅಳೆಯುವ ಮೂರು ಹೊಸ ಗೇಜುಗಳಿದ್ದವು. ವಾರದಲ್ಲಿ ಒಂದೊಂದಾಗಿ ತರಿಸಿಕೊಂಡಿದ್ದಳು.

“ನೋಡಿ ಮೇಷ್ಟ್ರೇ. ಟೈರು ಅದೇ. ಇದು ಮೂವತ್ತೊಂದು ತೋರಿಸುತ್ತೆ, ಇದು ಮೂವತ್ತು, ಇದು ಮೂವತ್ತೆರಡು. ಅಳತೆಗೇ ಗತಿಯಿಲ್ಲ ಅಂದಮೇಲೆ ನಾನು ಬೀಳದೆ ಇನ್ನೇನು?”

ಮೇಷ್ಟ್ರು ಅಂಗಿ ಜೇಬಿನಿಂದ ತಮ್ಮ ಗೇಜು ತೆಗೆದರು. ಗಾಜು ಸೀಳು ಬಿಟ್ಟಿತ್ತು, ಮುಳ್ಳಿನ ತುದಿ ಸೊಟ್ಟಗಾಗಿತ್ತು. ಅದನ್ನು ಟೈರಿಗೆ ಒತ್ತಿದರು. ಇಪ್ಪತ್ತೊಂಬತ್ತು.

“ನಿಮ್ಮದು ಪೂರ್ತಿ ಸುಳ್ಳು!” ಅಂದಳು ಇಂದುಮತಿ.

“ಹೌದು. ಎರಡು ಕಮ್ಮಿ ಹೇಳುತ್ತೆ. ಇಪ್ಪತ್ತು ವರ್ಷದಿಂದ ಅದೇ ಎರಡು.”

“ಸುಳ್ಳು ಹೇಳೋ ಗೇಜನ್ನ ಯಾಕೆ ಇಟ್ಕೊಂಡಿದ್ದೀರಿ?”

“ದಿನಾ ಒಂದೇ ಸುಳ್ಳು ಹೇಳೋನ ಜೊತೆ ಹೆಂಗೋ ಏಗಬಹುದು ಕಣಮ್ಮ. ಹೋದ ವಾರ ನೀನು ಟೈರು ಅಂದೆ. ಬೆಳಿಗ್ಗೆ ಮರಳು ಅಂದೆ. ಈಗ ಗೇಜು ಅಂತೀಯ.”

ಅವಳಿಗೆ ರೇಗಿಹೋಯಿತು. ಎದ್ದು ಹೊರಟೇಬಿಡೋಣ ಅನ್ನಿಸಿತು. ಶೆಡ್ಡಿನ ಬಾಗಿಲವರೆಗೆ ಹೋದಳು ಕೂಡ. ಅಲ್ಲಿಂದ ಮೂರನೇ ತಿರುವು ಕಾಣುತ್ತಿತ್ತು, ಅವಳೇ ಗುಡಿಸಿ ಚೊಕ್ಕ ಮಾಡಿದ ತಿರುವು. ಸಿಟ್ಟು ಇಳಿದು ನಾಚಿಕೆಯಾಯಿತು.

ವಾಪಸು ಬಂದು ಸ್ಟೂಲಿನ ಮೇಲೆ ಕೂತಳು.

“ಭಯ ಮೇಷ್ಟ್ರೇ,” ಅಂದಳು. “ಗಾಡಿ ವಾಲುತ್ತಿದ್ದ ಹಾಗೇ ಎದೆ ಝಲ್ ಅನ್ನುತ್ತೆ. ಕೈ ತಾನಾಗೇ ಮುಂದಿನ ಬ್ರೇಕು ಹಿಡಿಯುತ್ತೆ. ಎರಡು ಸಲವೂ ಹಾಗೇ ಬಿದ್ದೆ. ಇದುವರೆಗೆ ಯಾರ ಹತ್ರಾನೂ ಹೇಳಿಲ್ಲ.”

“ಗೊತ್ತು.”

“ಗೊತ್ತಿತ್ತಾ?”

“ಅಲ್ಲಿಗೆ ಬಂದಾಗ ನಿನ್ನ ಗಾಡಿ ಸದ್ದು ಗಪ್ ಅಂತ ಬಿದ್ದುಹೋಗುತ್ತೆ. ಹೊಳೆಯಲ್ಲಿ ಬಟ್ಟೆ ಒಗೆಯೋರಿಗೂ ಕೇಳುತ್ತೆ.”

“ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನನ್ನ ಜೊತೆ ವಾದಕ್ಕೆ ನಿಲ್ತಿದ್ದೆ.”

ಆ ಮಾತು ನಿಜವೇ ಆಗಿತ್ತು.

ಮೇಷ್ಟ್ರು ಇನ್ನೊಂದು ಸ್ಟೂಲನ್ನು ಬೈಕಿನ ಹತ್ತಿರಕ್ಕೆ ಎಳೆದುಕೊಂಡರು. “ಈಗ ಹೇಳು. ಬಿದ್ದ ದಿನ ಎಷ್ಟು ಗಾಳಿ ಹಾಕಿದ್ದೆ?”

“ಮೂವತ್ತೊಂದು.”

“ಯಾರ ಲೆಕ್ಕ ಅದು?”

“ದೇವಯ್ಯಂದು.”

“ಅವನೇ ಹೇಳಿದ್ನಾ?”

“ಅವನೆಲ್ಲಿ ಹೇಳ್ತಾನೆ! ಟ್ರ್ಯಾಕಿನಿಂದ ಬಂದು ನಿಂತು ಗೇಜು ಒತ್ತಿದ. ನಾನು ಹಿಂದಿನಿಂದ ಇಣುಕಿ ನೋಡಿ ಅಂಗೈ ಮೇಲೆ ಬರ್ಕೊಂಡೆ.”

“ಓಡಿಸಿ ಬಂದು ನಿಂತಾಗಲೋ?”

“ಹೌದು.”

“ನೀನು ತುಂಬಿದ್ದು ಯಾವಾಗ?”

“ಬೆಳಿಗ್ಗೆ. ಇಲ್ಲೇ, ನೆರಳಲ್ಲಿ…” ಇಂದುಮತಿ ಅಲ್ಲಿಗೇ ನಿಲ್ಲಿಸಿದಳು.

ಬಿಸಿಲಿಗೆ ಕಾದ ಅಳತೆ ಸರಪಳಿ ಉದ್ದವಾಗುತ್ತದೆ, ಅದರಲ್ಲಿ ಅಳೆದ ಹೊಲ ಕಾಗದದ ಮೇಲೆ ಚಿಕ್ಕದಾಗುತ್ತದೆ ಎಂದು ಕಚೇರಿಯಲ್ಲಿ ಹೊಸಬರಿಗೆ ಹೇಳಿಕೊಡುವವಳೇ ಅವಳು. ಕಾದ ಟೈರಿನೊಳಗೆ ಗಾಳಿಯೂ ಏರುತ್ತದೆ. ದೇವಯ್ಯ ಕಾದ ಟೈರನ್ನು ಅಳೆದಿದ್ದ, ಅವಳು ಅದೇ ಲೆಕ್ಕವನ್ನು ತಣ್ಣಗಿದ್ದ ಟೈರಿಗೆ ತುಂಬಿದ್ದಳು. ಅದು ನೆಲ ಹಿಡಿಯದಷ್ಟು ಕಲ್ಲಾಗದೆ ಇನ್ನೇನಾದೀತು!

“ಅಯ್ಯೋ ಶಿವನೇ,” ಅಂದಳು. ಆಮೇಲೆ ಮುಖ ಅರಳಿತು. “ಹಾಗಾದ್ರೆ ಟೈರಿಂದೂ ತಪ್ಪಿತ್ತು!”

“ಇತ್ತು. ನಿನ್ನ ತಪ್ಪು ಅಡ್ಡ ನಿಂತಿರೋವಾಗ ಅದರ ತಪ್ಪು ಹೆಂಗೆ ಕಾಣಬೇಕು ನನಗೆ?”

ಅವತ್ತು ಮಧ್ಯಾಹ್ನ ಪೂರ್ತಿ ಅವರಿಬ್ಬರೂ ಟೈರಿನ ಕೆಲಸದಲ್ಲೇ ಇದ್ದರು.

ಮೇಷ್ಟ್ರು ಗಾಳಿ ಇಳಿಸಿದರು. ಅವಳು ಐದು ಸುತ್ತು ಹೊಡೆದು ಬಂದಳು. ಹೆಲ್ಮೆಟ್ಟು ತೆಗೆಯಲು ಕೈ ಎತ್ತಿದಾಗ ಮೇಷ್ಟ್ರು ಗದರಿದರು.

“ಅದು ಆಮೇಲೆ. ಮೊದಲು ಗ್ಲೌಸ್ ತೆಗೆದು ಟೈರಿಗೆ ಅಂಗೈ ಇಡು.”

ಇಟ್ಟಳು. “ಬೆಚ್ಚಗಿದೆ.”

“ಸಾಲದು. ಇಷ್ಟರಲ್ಲಿ ಅದು ನೆಲ ಹಿಡಿಯಲ್ಲ. ಹೆದರಿಕೊಂಡು ಓಡಿಸೋರ ಟೈರು ಸಾಕಷ್ಟು ಕಾಯೋದೇ ಇಲ್ಲ.”

“ಭಯ ಹೋಗೋಕೆ ಏನು ಮಾಡಲಿ?”

“ಭಯ ಅದರ ಪಾಡಿಗೆ ಇರಲಿ. ಹೆದರೋದಿದ್ರೆ ತಿರುವಿಗೆ ಮುಂಚೆ ಹೆದರು. ಬ್ರೇಕೂ ಅಲ್ಲೇ ಹಿಡಿದು ಮುಗಿಸು. ಒಳಗೆ ಹೋದಮೇಲೆ ಕೈ ಕಟ್ಟಿಕೊಂಡಿರು.”

ಮತ್ತೆ ಐದು ಸುತ್ತು. ಮತ್ತೆ ಅಂಗೈ, ಮತ್ತೆ ಅದೇ ಸೊಟ್ಟ ಮುಳ್ಳಿನ ಗೇಜು. ಒಂದಿಷ್ಟು ಗಾಳಿ ಬಿಟ್ಟರು, ಅತಿಯಾಯಿತು. ಗಾಡಿ ತಿರುವಿನಲ್ಲಿ ಕುಡುಕನ ಹಾಗೆ ಓಲಾಡಿತು ಅಂದಳು ಇಂದುಮತಿ. ಚೂರು ತುಂಬಿದರು. ಮತ್ತೆ ಹೋದಳು. ಸಂಜೆಯ ಹೊತ್ತಿಗೆ ಅವಳ ಅಂಗೈ ಇದ್ದಿಲು ಮುಟ್ಟಿದಷ್ಟು ಕಪ್ಪಾಗಿತ್ತು. ತಣ್ಣಗಿದ್ದಾಗ ಮುಂದಕ್ಕೆ ಇಪ್ಪತ್ತೇಳು, ಹಿಂದಕ್ಕೆ ಇಪ್ಪತ್ತೈದು. ಓಡಿ ಬಂದಮೇಲೆ ಕೈಯಿಟ್ಟರೆ ಚುರ್ ಅನ್ನುತ್ತಿತ್ತು.

“ಏನನ್ನಿಸ್ತು?” ಎಂದು ಕೇಳಿದರು ಮೇಷ್ಟ್ರು.

“ನೆಲ ಕೈಗೆ ಸಿಕ್ಕಿದ ಹಾಗಾಯ್ತು.”

ಭಾನುವಾರ ರೇಸಿಗೆ ಹನ್ನೊಂದು ಬೈಕು, ಎಂಟು ಸುತ್ತು. ದೇವಯ್ಯ ಬಾಣ ಬಿಟ್ಟಂತೆ ಮುಂದೆ ಹೋದ. ಇಂದುಮತಿ ಹಿಂದಿನವರ ಗುಂಪಿನಲ್ಲಿದ್ದಳು. ಅವಳ ಕಣ್ಣು ಯಾರ ಮೇಲೂ ಇರಲಿಲ್ಲ. ತಿರುವಿಗೆ ಮುಂಚೆ ಹೆದರಿದಳು, ಬ್ರೇಕು ಹಿಡಿದಳು, ಬಿಟ್ಟಳು, ವಾಲಿದಳು. ಐದು ಸುತ್ತು ಹಾಗೇ ಸಾಗಿತು.

ಆರನೇ ಸುತ್ತಿನಲ್ಲಿ, ಮೂರನೇ ತಿರುವಿನ ನಡುವೆ, ಮುಂದಿನ ಚಕ್ರ ಸಣ್ಣಗೆ ನಡುಗಿತು. ಎದೆ ಝಲ್ಲೆಂದಿತು. ಎರಡು ಬೆರಳು ಬ್ರೇಕಿನ ಕಡೆಗೆ ಎದ್ದವು. ಕಾರ್ಡು ಹೋಯಿತು, ಎಲ್ಲಾ ಮುಗಿಯಿತು ಅಂದುಕೊಂಡಳು. ಬೆರಳನ್ನು ಬಲವಂತವಾಗಿ ಹಿಡಿಕೆಗೇ ಸುತ್ತಿ ಹಾಗೇ ಇಟ್ಟಳು. ಟೈರು ಒಂದು ಗೇಣು ಜಾರಿ ಮತ್ತೆ ನೆಲ ಹಿಡಿಯಿತು.

ಗೆರೆ ದಾಟಿದಾಗ ಅವಳ ಹಿಂದೆ ಇಬ್ಬರಿದ್ದರು. ಅವಳು ಒಂಬತ್ತನೆಯವಳು. ಹೆಲ್ಮೆಟ್ಟಿನೊಳಗೆ ಬಿಕ್ಕಿ ಬಿಕ್ಕಿ ಅತ್ತಳು. ಗಾಜು ಮಂಜಾಗಿ ಶೆಡ್ಡಿನ ದಾರಿ ತಪ್ಪಿತು, ಒಂದು ಸುತ್ತು ಸುಮ್ಮನೆ ಹೆಚ್ಚಿಗೆ ಹೊಡೆದು ಬಂದಳು.

ಬಂದವಳೇ ಹೆಲ್ಮೆಟ್ಟು ತೆಗೆಯದೆ ಟೈರಿಗೆ ಅಂಗೈ ಇಟ್ಟಳು. ಮೇಷ್ಟ್ರು ನಕ್ಕರು. ಅವರು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ಮುಗಿಸಿದೆ ಮೇಷ್ಟ್ರೇ.”

“ನೋಡಿದೆ.”

ಆಮೇಲೆ ಅವಳು ಚೀಲದಿಂದ ಪುಸ್ತಕ ತೆಗೆದಳು. ನಿನ್ನೆಯಿಂದ ತಲೆಯಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಸರ್ವೇಯರರ ದುಂಡಗಿನ ಅಕ್ಷರದಲ್ಲಿ ಬರೆದಳು: ಮುಂದಿನ ಟೈರು ಇಪ್ಪತ್ತೇಳು. ಹಿಂದಿನದು ಇಪ್ಪತ್ತೈದು. ಮೇಷ್ಟ್ರ ಗೇಜು. ತಣ್ಣಗಿದ್ದಾಗ. ಕೆಳಗೆ ಸ್ಕೇಲು ಇಟ್ಟು ಎರಡು ಗೆರೆ ಎಳೆದಳು.

“ಇಷ್ಟು ಗಾಳಿ ಇದ್ರೆ ನಾನು ಇನ್ಮೇಲೆ ಬೀಳಲ್ಲ, ಅಲ್ವಾ ಮೇಷ್ಟ್ರೇ?”

ಅಂತೋಣಪ್ಪ ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಓದಿ ಪುಸ್ತಕ ವಾಪಸು ಕೊಟ್ಟರು.

“ಇವತ್ತಿನ ಮಟ್ಟಿಗೆ ಎಲ್ಲಾ ಸರಿಯಾಗಿದೆ. ಇವತ್ತಿನ ತಾರೀಖು ಬರೆಯೋದೊಂದು ಮರೆತಿದ್ದೀಯ.”