ಉತ್ತರ ಗೊತ್ತಿಲ್ಲದ ಪ್ರಶ್ನೆ

ವರದಾ ನದಿಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿಯ ಗುರುಗಳು ಮರುಳಯ್ಯ ಅಜ್ಜನವರು. ಮಾತು ಕಡಿಮೆ, ನಗು ಅದಕ್ಕಿಂತ ತುಸು ಹೆಚ್ಚು.

ಒಂದು ಮಳೆಗಾಲದಲ್ಲಿ ಶಿಷ್ಯೆ ನೀಲಗಂಗಾ ಅವರ ಎದುರು ಬಂದು ಕೂತಳು. ಹೆಗಲ ಚೀಲದಲ್ಲಿ ಮಡಿಸಿಟ್ಟ ಕರಿ ಕೋಟು ಇತ್ತು.

ನೀಲಗಂಗಾ ವಕೀಲೆಯಾಗಿದ್ದವಳು. ಮಾತು ಬಲ್ಲವರಿಗೆ ಜಗಳವಿಲ್ಲ ಅನ್ನುತ್ತಾರೆ. ಅವಳಿಗೆ ಮಾತೂ ಬರುತ್ತಿತ್ತು, ಜಗಳವೇ ಕಸುಬಾಗಿತ್ತು. ಆದರೆ ಕೈ ಮಾತ್ರ ಚಿಕ್ಕಂದಿನಿಂದಲೂ ಬಣ್ಣದ್ದು. ಕೋರ್ಟಿನಲ್ಲಿ ಸರದಿಗೆ ಕಾಯುವಾಗಲೂ ಬೆರಳು ಬೆಂಚಿನ ಮೇಲೆ ಬಳ್ಳಿ ಬಿಡಿಸುತ್ತಿತ್ತು.

ಕೊನೆಗೊಂದು ದಿನ ಅವಳು ಕೋಟು ಕಳಚಿಟ್ಟಳು. ಕೈಕಸುಬಿನವರಿಗೆ, ಸಣ್ಣ ಅಂಗಡಿಯವರಿಗೆ ಬಣ್ಣ, ವಿನ್ಯಾಸ, ಮಾರಾಟದ ಸಲಹೆ ಕೊಡುವ ಕೆಲಸ ಹಿಡಿದಳು. ಅಜ್ಜನವರೇ ತಲೆಯ ಮೇಲೆ ಕೈಯಿಟ್ಟು ಕಳಿಸಿದ್ದರು.

“ಯಾಕವ್ವಾ, ಮಾರಿ ಬಾಡೈತಿ?” ಈಗ ಅಜ್ಜನವರು ಕೇಳಿದರು.

“ಮತ್ತ ಕೋರ್ಟಿಗೆ ಹೋಗಬೇಕಂತ ಮಾಡೇನ್ರಿ, ಅಜ್ಜಾರ. ನಮ್ಮ ಸೀನಿಯರ್ ವಕೀಲರು ಬಾ ಅಂದಾರ. ನನ್ನ ಸಲಹಾ ಯಾರಿಗೂ ಬೇಕಾಗಿಲ್ಲ.”

“ಬ್ಯಾಡ ಅಂತ ಯಾರಂದ್ರು?”

“ಯಾರೂ ಅನ್ನಂಗಿಲ್ರಿ. ಎಲ್ಲಾರೂ ಹೌದು ಹೌದು ಅಂತಾರ, ಮಾಡಂಗಿಲ್ಲ. ಹೊದ್ಕೊಳ್ಳೋ ಕೌದಿ ಹೊಲಿಯೋ ಹೆಣ್ಮಕ್ಕಳಿಗೆ ಎಷ್ಟು ಹೇಳಿದೆ. ಹಳೀ ಸೀರಿ ತುಂಡು ಬಿಡ್ರಿ, ಹೊಸಾ ಅರಿವಿ-ಬಟ್ಟಿ ತರ್ರಿ, ಒಂದಕ್ಕೊಂದು ಒಪ್ಪೋ ಬಣ್ಣ ಕೂಡಸ್ರಿ, ಪ್ಯಾಟಿಯವರು ಮುಗಿಬಿದ್ದು ತಗೋತಾರ ಅಂತ. ಚಿತ್ರಾನೂ ಬರಕೊಟ್ಟೆ. ಕೋಲೆಬಸವನಂಗ ಗೋಣು ಹಾಕಿದ್ರು. ಒಬ್ಬಾಕಿನೂ ಸೂಜಿ ಎತ್ತಲಿಲ್ಲ.”

ಅಜ್ಜನವರು ಗಡ್ಡದೊಳಗೇ ನಕ್ಕರು.

“ಕೋರ್ಟಿಗೆ ಹೋಗೂ ಮೊದಲ ನನಗೊಂದು ಸಲಹಾ ಕೊಡು. ಈ ಪಡಸಾಲಿ ನೋಡು. ಜನ ನನ್ನ ಕಾಣಾಕ ಬರ್ತಾರ, ಒಳಗ ಕಾಲಿಡಂಗಿಲ್ಲ. ಹೊರಗ ಬೇವಿನ ಗಿಡದ ಕೆಳಗ ನಿಂತು, ಮಳ್ಯಾಗ ತೊಯ್ಸಿಕೊಂಡು ಹೋಗ್ತಾರ.”

ನೀಲಗಂಗಾ ಕಣ್ಣೊರೆಸಿಕೊಂಡು ಎದ್ದಳು. ಕೆಲಸ ಸಿಕ್ಕರೆ ಅಳುವುದಕ್ಕೆ ಅವಳಿಗೆ ಪುರಸೊತ್ತು ಇರುವುದಿಲ್ಲ.

“ಗ್ವಾಡಿ ಮಾಸೈತಿ, ಹೌದಿಲ್ರಿ?”

“ಹೌದವ್ವಾ.”

“ಒಳಗ ಬೆಳಕು ಸಾಲವಲ್ದು, ಹೌದಿಲ್ರಿ?”

“ಹೌದು.”

“ಗ್ವಾಡಿ ಮ್ಯಾಲೆ ಚಿತ್ರಾ ಇದ್ರ ಬಂದವರ ಮನಸು ಅರಳ್ತೈತಿ, ಹೌದಿಲ್ರಿ?”

“ಇಲ್ಲ ಅಂತ ಹೆಂಗ ಅನ್ನಲಿ?”

ಸಂಜೆಯೊಳಗೆ ಹೊಸ ಪಡಸಾಲೆಯ ಚಿತ್ರ ಕಾಗದದ ಮೇಲೆ ಸಿದ್ಧವಾಯಿತು. ಸೊಗಸಾಗಿತ್ತು. ಅಜ್ಜನವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಮುಂದಿನ ವಾರ ಬಂದಾಗ ಗೋಡೆ ಹಾಗೇ ಮಾಸಿತ್ತು. ಜನ ಬೇವಿನ ಮರದ ಕೆಳಗೆ ಹಾಗೇ ತೊಯ್ಯುತ್ತ ನಿಂತಿದ್ದರು.

“ಏನೂ ಮಾಡಿಸಿಲ್ಲಲ್ರಿ, ಅಜ್ಜಾರ? ಎಲ್ಲಾದಕ್ಕೂ ಹೌದು ಅಂದಿದ್ರಿ.”

“ನೀ ಅನ್ನಿಸಿದಿ, ನಾ ಅಂದೆ.”

ಅವಳು ಚೀಲ ಇಳಿಸಿ ಎದುರು ಕೂತಳು.

“ಕೋರ್ಟಿನ್ಯಾಗ ಸಾಕ್ಷಿ ಹಿಂಗ ಹೌದು ಹೌದು ಅಂದ್ರ ಏನಾಗ್ತೈತವ್ವಾ?”

“ನಾ ಗೆದ್ದಂಗರಿ.”

“ಇಲ್ಲೂ ನೀನ ಗೆದ್ದಿ. ಪಡಸಾಲಿ ಖಾಲಿ ಐತಿ.”

ನೀಲಗಂಗಾ ತಗ್ಗಿದ ದನಿಯಲ್ಲಿ ಹೇಳಿದಳು:

“ನಮ್ಮ ಸೀನಿಯರು ಮೊದಲನೇ ದಿನಾನ ಹೇಳಿದ್ರು. ಉತ್ತರ ಗೊತ್ತಿಲ್ಲದ ಪ್ರಶ್ನಾ ಸಾಕ್ಷಿಗೆ ಎಂದೂ ಕೇಳಬ್ಯಾಡ ಅಂತ.”

“ಛಲೋ ಮಾತು, ಕೋರ್ಟಿಗೆ.”

ಅವಳು ಖಾಲಿ ಪಡಸಾಲೆಯನ್ನು ನೋಡಿದಳು. ಬೇವಿನ ಮರವನ್ನು ನೋಡಿದಳು.

“ಹಂಗಾರ, ಅಜ್ಜಾರ, ಜನ ಒಳಗ ಯಾಕ ಬರಂಗಿಲ್ರಿ?”

“ನನಗೂ ಗೊತ್ತಿಲ್ಲವ್ವಾ.”

ಅಷ್ಟು ಹೇಳಿ ಅಜ್ಜನವರು ಕಣ್ಣು ಮುಚ್ಚಿದರು. ಅವಳು ವಿಧಿಯಿಲ್ಲದೆ ಎದ್ದು, ತಲೆಯ ಮೇಲೆ ಸೆರಗು ಹೊದ್ದು ಮರದ ಕೆಳಗೆ ಹೋದಳು. ಅಲ್ಲಿ ಒಬ್ಬ ಮುದುಕಿ ನಿಂತಿದ್ದಳು.

“ಯವ್ವಾ, ಒಳಗ ಯಾಕ ಬರಂಗಿಲ್ಲ ನೀವೆಲ್ಲ?”

ಮುದುಕಿ ಸೀರೆಯ ನಿರಿಗೆ ತುಸು ಎತ್ತಿ ಕಾಲು ತೋರಿಸಿದಳು. ಮೊಣಕಾಲ ತನಕ ಎರೆಮಣ್ಣಿನ ಕೆಸರು.

“ಹೊಲದಿಂದ ಬಂದೀನಿ ತಂಗಿ. ಹಿಂತಾ ಕಾಲು ಅಜ್ಜಾರ ಜಮಖಾನಿ ಮ್ಯಾಲೆ ಇಡಲೇನು? ತೊಳಕೊಳ್ಳಾಕ ಹೊಳಿಗೆ ಇಳದ್ರ, ಏರಿ ಬರೂದ್ರಾಗ ಮತ್ತ ಕೆಸರು.”

ಬಂದವರಿಗೆ ಬಾಗಿಲಲ್ಲೇ ಕಾಲಿಗೆ ನೀರು ಕೊಡುವುದು ಆ ಸೀಮೆಯ ಮನೆಮನೆಯ ಪದ್ಧತಿ. ಗಂಡಸರೇ ಇದ್ದ ಮಠದಲ್ಲಿ ಅದು ಯಾರ ತಲೆಗೂ ಹೊಳೆದಿರಲಿಲ್ಲ.

ನೀಲಗಂಗಾ ಬಾಗಿಲ ಪಕ್ಕ ಒಂದು ಹಾಸುಗಲ್ಲು ಹಾಕಿಸಿದಳು. ಕೊಡ ತುಂಬ ನೀರು, ಮೇಲೊಂದು ತಂಬಿಗೆ ಇಟ್ಟಳು. ಅಷ್ಟಕ್ಕೇ ಅವಳ ಕೈ ಸುಮ್ಮನಿರಬೇಕಲ್ಲ. ಸುಣ್ಣ, ಕೆಮ್ಮಣ್ಣು ಕಲಸಿ, ಹಾಸುಗಲ್ಲಿನಿಂದ ಜಮಖಾನೆಯ ತನಕ ನೆಲದ ಮೇಲೆ ಮೀನಿನ ಸಾಲು ಬರೆದಳು.

ಮುದುಕಿ ಕಾಲು ತೊಳೆದಳು. ಮೀನು ನೋಡಿ ನಕ್ಕಳು. ಒಂದೊಂದೇ ಮೀನಿನ ಪಕ್ಕ ಕಾಲಿಡುತ್ತ ಒಳಗೆ ಹೋಗಿ ಅಜ್ಜನವರ ಎದುರು ಕೂತಳು. ಅವಳ ಹಿಂದೆ ಉಳಿದವರೂ ಹೋದರು.

ಪಡಸಾಲೆ ತುಂಬಿದ ಮೇಲೆ ಅಜ್ಜನವರು ಬಾಗಿಲ ತನಕ ಎದ್ದು ಬಂದರು.

“ಚೀಲದಾಗಿನ ಕೋಟು ಏನ್ಮಾಡ್ತಿ?”

“ಇರಲಿ ಬಿಡ್ರಿ, ಅಜ್ಜಾರ. ಮೊದಲ ಒಂದು ಕಡೆ ಹೋಗಿ ಒಂದು ಪ್ರಶ್ನಾ ಕೇಳೂದೈತಿ.”

ಅವಳು ನೇರ ಕೌದಿ ಹೊಲಿಯುವ ಹೆಣ್ಣುಮಕ್ಕಳ ಹತ್ತಿರ ಹೋದಳು. ಈ ಸಲ ಚಿತ್ರ ಒಯ್ಯಲಿಲ್ಲ.

“ನಾ ಹೇಳಿದ್ದು ಯಾಕ ಮಾಡಲಿಲ್ಲ ನೀವು? ಬೈರಿ ಬೇಕಾದ್ರ, ಖರೇ ಹೇಳ್ರಿ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಬಸಲಿಂಗವ್ವ ಎನ್ನುವವಳು ಬಾಯಿ ಬಿಟ್ಟಳು.

“ಹೊಸಾ ಅರಿವಿಗೆ ಕೌದಿ ಅಂತಾರೇನ್ರಿ, ಅಕ್ಕಾರ? ಅವ್ವನ ಸೀರಿ, ಅಪ್ಪನ ಧೋತರ ಇದ್ರ ಅದು ಕೌದಿ. ನಮ್ಮವ್ವನ ಸೀರಿ ನಾ ಮಂದಿಗೆ ಹೆಂಗ ಮಾರಲಿ?”

ನೀಲಗಂಗಾ ವಾದಿಸಲಿಲ್ಲ. ಅವರ ನಡುವೆ ಕೂತು ಸೂಜಿಗೆ ದಾರ ಪೋಣಿಸುತ್ತ ಯೋಚಿಸಿದಳು.

“ಪ್ಯಾಟಿಯವರಿಗೂ ಅವ್ವ ಇರ್ತಾಳಲ್ಲ,” ಎಂದಳು ಕೊನೆಗೆ. “ಅವರ ಟ್ರಂಕಿನ್ಯಾಗೂ ಸೀರಿ ಇರ್ತಾವು. ಅವರ ಅರಿವಿ ಅವರೇ ತಂದುಕೊಟ್ರ ಹೊಲದು ಕೊಡ್ತೀರೇನು?”

ಈ ಸಲ ಯಾರೂ ಹೌದು ಅನ್ನಲಿಲ್ಲ. ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

ಹಾಗೆ ಶುರುವಾಯಿತು. ಜನ ತಾಯಿಯ ಸೀರೆ, ಅಜ್ಜನ ರುಮಾಲು ಹೊತ್ತು ತಂದರು. ನೀಲಗಂಗಾ ಬಣ್ಣ ಜೋಡಿಸಿದಳು, ಹೆಣ್ಣುಮಕ್ಕಳು ಹೊಲಿದರು. ಮಾತು ಬಾಯಿಂದ ಬಾಯಿಗೆ ಹೋಯಿತು. ಬಳೆಗಾರರು ಬಂದರು, ಕುಂಬಾರರು ಬಂದರು, ದೂರದ ನೇಕಾರರು ಹೇಳಿ ಕಳಿಸಿದರು. ಅವಳ ಮನೆಯ ಕಟ್ಟೆ ಸಾಲದೆ ಪಕ್ಕದ ಮನೆಯನ್ನೂ ಬಾಡಿಗೆಗೆ ಹಿಡಿಯಬೇಕಾಯಿತು. ಯಾರೇ ಬರಲಿ, ಅವಳು ಮೊದಲು ತನಗೆ ಗೊತ್ತಿಲ್ಲದ್ದನ್ನು ಕೇಳುತ್ತಿದ್ದಳು. ಆಮೇಲೆ ಕುಂಚ.

ಬೇಸಿಗೆಯಲ್ಲಿ ಅವಳು ಮಠಕ್ಕೆ ಒಂದು ಗಂಟು ತಂದಳು. ಬಿಚ್ಚಿದರೆ ಕೌದಿ. ಸುತ್ತ ಬಸಲಿಂಗವ್ವ ಮತ್ತು ಗೆಳತಿಯರು ತಮ್ಮ ತಮ್ಮ ಮನೆಯಿಂದ ಕೊಟ್ಟ ಬಣ್ಣಬಣ್ಣದ ತುಂಡುಗಳು. ನಟ್ಟ ನಡುವೆ ಒಂದು ಕರಿ ಚೌಕ.

ಅಜ್ಜನವರು ಆ ಕರಿಯ ಮೇಲೆ ಅಂಗೈ ಸವರಿದರು. “ಕೋಟು?”

“ಹೌದ್ರಿ. ಅದರ ಮಗ್ಗಲಕ್ಕ ಇಟ್ರ ಎಲ್ಲಾ ಬಣ್ಣ ಎದ್ದು ಕಾಣ್ತಾವ್ರಿ. ವಕೀಲಿ ವಿದ್ಯಾ ಕೊಟ್ಟ ಸೀನಿಯರಿಗೂ ಕೈ ಮುಗದು ಬಂದೆ.” ಅವಳು ಕೌದಿಯ ಅಂಚು ನೇರ ಮಾಡಿದಳು. “ನೀವು ಅವತ್ತು ಗೊತ್ತಿಲ್ಲ ಅನ್ನದಿದ್ರ ನಾ ಇವತ್ತು ಇಲ್ಲಿ ಇರತಿರಲಿಲ್ಲ, ಅಜ್ಜಾರ. ನಿಮ್ಮ ಋಣ ದೊಡ್ಡದು.”

ಅವಳು ಕಾಲಿಗೆ ಬಿದ್ದಳು. ಅಜ್ಜನವರು ಎಬ್ಬಿಸಿ, ಕೌದಿಯನ್ನು ಮಡಿಲಲ್ಲಿ ಮಡಿಸಿಟ್ಟುಕೊಂಡರು.

ಹೊರಡುವಾಗ ನೀಲಗಂಗಾ ಬಾಗಿಲಲ್ಲಿ ತಿರುಗಿ ನಿಂತಳು.

“ಚಳಿಗೆ ಬೆಚ್ಚಗ ಇರ್ತೈತಿ, ಹೌದಿಲ್ರಿ?”

“ಗೊತ್ತಿಲ್ಲವ್ವಾ. ಚಳಿ ಬಿದ್ದ ಮ್ಯಾಲೆ ಬಂದು ಕೇಳು.”