ಮೊದಲ ಗುಟುಕು

ಒಂದು ಕಾಡಿನಲ್ಲಿ ಕಡುಬೇಸಿಗೆಯಲ್ಲೂ ಬತ್ತದ ಕೆರೆಯೊಂದಿತ್ತು. ಹಿಂದೆ ಅದರ ದಡದ ತುಂಬ ಕತ್ತೆಕಿರುಬಗಳು ಕಾವಲು ಕೂತಿರುತ್ತಿದ್ದವು. ನೀರು ಬೇಕೆಂದರೆ ಪ್ರತಿ ಹಿಂಡೂ ಒಂದು ಮರಿಯನ್ನು ಅವುಗಳಿಗೆ ಒಪ್ಪಿಸಬೇಕಿತ್ತು. ಮರಿಯನ್ನು ಕೊಟ್ಟು ಉಳಿದವು ತಲೆ ತಗ್ಗಿಸಿ ನೀರು ಕುಡಿದು ಹೋಗುತ್ತಿದ್ದವು. ಅಂಥ ನೀರು ಗಂಟಲಲ್ಲಿ ಇಳಿಯುವುದಾದರೂ ಹೇಗೆ ಹೇಳಿ! ಕೊನೆಗೊಂದು ದಿನ ಜಿಂಕೆ, ಕಾಡೆಮ್ಮೆ, ಹಂದಿ, ಮುಳ್ಳುಹಂದಿ ಎಲ್ಲವೂ "ಇನ್ನು ಮರಿ ಕೊಡುವುದಿಲ್ಲ" ಎಂದು ಒಟ್ಟಾಗಿ ನಿಂತವು. ಆ ಕಾದಾಟದಲ್ಲಿ ಎಷ್ಟೋ ಜೀವಗಳು ಹೋದವು. ಆದರೆ ಕತ್ತೆಕಿರುಬಗಳು ಕಾಡು ಬಿಟ್ಟು ಓಡಿದವು.

ಮುಂದಿನ ಸಾಲಿನಲ್ಲಿ ನಿಂತು ಸತ್ತವರಲ್ಲಿ ಕೆಂಚಿ ಎಂಬ ಜಿಂಕೆಯ ತಾಯಿಯೂ ಇದ್ದಳು. ಆಗ ಕೆಂಚಿ ಇನ್ನೂ ಹಾಲು ಕುಡಿಯುವ ಮರಿ. ಆ ಸಲ ಕತ್ತೆಕಿರುಬಗಳ ಪಾಲಿಗೆ ಹೋಗಬೇಕಾಗಿದ್ದ ಮರಿ ಅವಳೇ.

ಕೆರೆಯ ಪಕ್ಕದ ದಿಬ್ಬದ ಮೇಲೆ ಒಂದು ಅತ್ತಿಮರವಿತ್ತು. ಸತ್ತವರನ್ನೆಲ್ಲ ಆನೆಗಳು ಅದರ ಬುಡದಲ್ಲೇ ಮಣ್ಣು ಮಾಡಿದ್ದವು. ಅಂದಿನಿಂದ ಆ ಕಾಡಿನಲ್ಲಿ ಒಂದು ಪದ್ಧತಿ ಬೆಳೆಯಿತು. ವರ್ಷಕ್ಕೊಮ್ಮೆ, ಕೆರೆ ಬಿಡುಗಡೆಯಾದ ದಿನ, ಯಾರೂ ಮೊದಲ ಗುಟುಕನ್ನು ನುಂಗುತ್ತಿರಲಿಲ್ಲ. ಅದನ್ನು ಬಾಯಲ್ಲೇ ಹಿಡಿದು ದಿಬ್ಬ ಹತ್ತಿ ಅತ್ತಿಮರದ ಬುಡಕ್ಕೆ ಸುರಿಯುತ್ತಿದ್ದರು. "ವನದೇವಿ, ನೀರು ನಿನ್ನದು. ಅದನ್ನು ಬಿಡಿಸಿಕೊಟ್ಟ ಉಸಿರು ಇವರದು. ಋಣ ನಮ್ಮದು" ಎಂದು ತಲೆಬಾಗಿ, ಆಮೇಲೆ ಕೆರೆಗೆ ಬಂದು ಹೊಟ್ಟೆ ತುಂಬ ಕುಡಿಯುತ್ತಿದ್ದರು. ಬಾಯಲ್ಲಿ ನೀರಿರುವಾಗ ಮಾತಾಡುವುದೆಲ್ಲಿ ಬಂತು? ಹಾಗಾಗಿ ಹತ್ತುವ ದಾರಿಯುದ್ದಕ್ಕೂ ಇಡೀ ಕಾಡು ಮೌನವಾಗಿರುತ್ತಿತ್ತು.

ಕೆಲವು ವರ್ಷ ಇದು ಚೆನ್ನಾಗಿಯೇ ನಡೆಯಿತು. ಆಮೇಲೆ ಒಬ್ಬೊಬ್ಬರಿಗೂ ಮೈಗಳ್ಳತನ ಶುರುವಾಯಿತು. ದಿಬ್ಬ ಕಡಿದು, ಬಿಸಿಲು ಜೋರು, ಬಾಯಲ್ಲೇ ನೀರಿಟ್ಟುಕೊಂಡು ನುಂಗದೆ ಹತ್ತುವುದೆಂದರೆ ಏನು ಕಷ್ಟವಪ್ಪಾ ಎಂದು ಗೊಣಗಾಟ ಕೇಳಿಬಂತು. ಇಂಥ ಗೊಣಗಾಟಕ್ಕೇ ಕಿವಿ ನೆಟ್ಟು ಕೂತಿದ್ದವನು ಜಂಬುಕಯ್ಯನೆಂಬ ನರಿ.

"ನೀವೆಲ್ಲ ಯಾಕೆ ಕಾಲು ನೋಯಿಸಿಕೊಳ್ತೀರಿ? ನಾನಿಲ್ಲವೇ?" ಎಂದ ಜಂಬುಕಯ್ಯ. "ದಡದಲ್ಲಿ ನಿಂತು ನನ್ನ ಹೆಸರು ಹೇಳಿ, ಸಾಕು. ಎಲ್ಲರ ಪರವಾಗಿ ನಾನೊಬ್ಬನೇ ಒಂದು ಗುಟುಕು ಹೊತ್ತುಕೊಂಡು ಹೋಗ್ತೀನಿ. ದೇವಿಗೆ ತಲುಪಿದರಾಯಿತಲ್ಲ!"

ಪ್ರಾಣಿಗಳಿಗೆ ಇದು ಹಾಲು ಕುಡಿದಷ್ಟು ಸುಖವಾಯಿತು. ಮಾರನೆಯ ವರ್ಷ ಜಂಬುಕಯ್ಯ, "ದೇವಿ ಮರದಡಿ ಮಲಗಿದ್ದಾಳೆ, ಇನ್ನು ಯಾರೂ ದಿಬ್ಬ ಹತ್ತಕೂಡದು" ಎಂದ. ಸರಿ ಎಂದರು. ಅದರ ಮಾರನೆಯ ವರ್ಷ, "ನಾನು ಅಪ್ಪಣೆ ಕೊಡದೆ ಯಾರೂ ನೀರು ಮುಟ್ಟಕೂಡದು. ಮುಟ್ಟಿದರೆ ಹಲ್ಲು ಉದುರುತ್ತೆ, ಕೊಂಬು ಕಳಚಿ ಬೀಳುತ್ತೆ. ದೇವಿಯೇ ಕನಸಿನಲ್ಲಿ ಬಂದು ಹೇಳಿದಳು" ಎಂದ. ಅದಕ್ಕೂ ಸರಿ ಎಂದರು! ಪ್ರಾಣ ಕೊಟ್ಟು ಬಿಡಿಸಿದ ಕೆರೆಯನ್ನು ಹೀಗೆ ಸೋಮಾರಿತನಕ್ಕೆ ಒಪ್ಪಿಸಿಬಿಟ್ಟರು.

ಕೆಂಚಿಯೂ ಎಲ್ಲರಂತೆ ಸುಮ್ಮನಿದ್ದಳು. ಈಗ ಅವಳಿಗೂ ಒಂದು ಮರಿ ಹುಟ್ಟಿತ್ತು. ಒಂದು ದಿನ ಮರಿಯ ನಾಲಿಗೆ ಒಣಗಿ, ಅದು ಓಡಿಹೋಗಿ ಕೆರೆಗೆ ಬಾಯಿ ಹಾಕಿತು. ಜಂಬುಕಯ್ಯ ಅದರ ಕಿವಿ ಕಚ್ಚಿ ಓಡಿಸಿದ. ಮರಿ ಅಳುತ್ತಾ ಬಂದು ತಾಯಿಯ ಹೊಟ್ಟೆಗೆ ಒರಗಿ ನಿಂತಿತು. ಅದರ ಕಿವಿಯ ರಕ್ತ ನೆಕ್ಕುವಾಗ ಕೆಂಚಿಯ ಎದೆ ಕುದಿಯಿತು. 'ನನ್ನ ಅವ್ವ ನನಗಾಗಿ ಸತ್ತಳು. ನಾನು ನನ್ನ ಮರಿಗೆ ಒಂದು ಗುಟುಕು ನೀರು ಕೊಡಿಸಲಾರದೆ ಹೋದೆನಲ್ಲ' ಎಂದು ಅವಳಿಗೆ ಬಹಳ ನಾಚಿಕೆಯಾಯಿತು.

ಅಷ್ಟರಲ್ಲಿ ಬಿಡುಗಡೆಯ ದಿನ ಬಂತು. ಜಂಬುಕಯ್ಯ ಬೆಳಿಗ್ಗೆಯೇ ಎಲ್ಲರನ್ನೂ ಸೇರಿಸಿದ.

"ಈ ಸಲ ದೇವಿ ಉಪವಾಸ ಕೇಳಿದ್ದಾಳೆ. ಎಲ್ಲರೂ ಆಚೆ ಕಣಿವೆಗೆ ಹೋಗಿ, ಕಣ್ಣು ಮುಚ್ಚಿಕೊಂಡು ಸಂಜೆವರೆಗೆ ಕೂತಿರಿ. ಕೆರೆ ಕಡೆ ಯಾರೂ ತಿರುಗಿ ನೋಡಬಾರದು" ಎಂದ.

ಪ್ರಾಣಿಗಳು ಒಂದೊಂದಾಗಿ ಕಣಿವೆಯ ಕಡೆ ಹೆಜ್ಜೆ ಹಾಕಿದವು. ಕೆಂಚಿ ಮಾತ್ರ ಕೆರೆಯ ಕಡೆ ತಿರುಗಿದಳು.

"ಏ ಕೆಂಚಿ, ಎಲ್ಲಿಗೆ?" ಎಂದು ಆನೆಯಜ್ಜಿ ಗಾಬರಿಯಿಂದ ಕೇಳಿದಳು. ಆ ಕಾಡಿಗೆಲ್ಲ ಹಿರಿಯಳು ಅವಳೇ.

"ನನ್ನ ಅವ್ವನಿಗೆ ನೀರು ಕೊಡೋಕೆ, ಅಜ್ಜಿ."

"ಹಲ್ಲು ಉದುರುತ್ತಂತಲ್ಲೇ!"

"ಉದುರಲಿ ಬಿಡಿ. ಎಳೆ ಚಿಗುರು ನುಂಗಿಕೊಂಡು ಬದುಕ್ತೀನಿ. ದೇವಿಗೆ ನನ್ನ ಕೃತಜ್ಞತೆ ಬೇಕು ಅಂದರೆ ನನ್ನ ಬಾಯಿಂದಲೇ ಬೇಕು. ನರಿ ಬಾಯಿಂದ ಅಲ್ಲ."

ಹಾಗೆಂದು ಕೆಂಚಿ ನೀರಿಗೆ ಬಾಯಿ ಹಾಕಿ ಒಂದು ಗುಟುಕು ಹಿಡಿದಳು. ಹಲ್ಲೇನೂ ಉದುರಲಿಲ್ಲ. ಅವಳು ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ದಿಬ್ಬ ಹತ್ತತೊಡಗಿದಳು.

ಜಂಬುಕಯ್ಯ ಓಡಿಬಂದು ಅಡ್ಡ ನಿಂತ. "ಯಾರ ಅಪ್ಪಣೆ ತಗೊಂಡೆ? ಹೇಳು!"

ಕೆಂಚಿ ಹೇಳಲಿಲ್ಲ. ಬಾಯಲ್ಲಿ ನೀರಿತ್ತು.

"ನಿನಗೆ ದೇವಿ ಅಂದರೆ ಭಯ ಇಲ್ವಾ? ಭಕ್ತಿ ಇಲ್ವಾ? ಉತ್ತರ ಕೊಡೇ!"

ಕೆಂಚಿ ಪಕ್ಕಕ್ಕೆ ಸರಿದು ಮೇಲೆ ಹತ್ತಿದಳು. ನರಿಗೆ ತಲೆಬಿಸಿಯಾಯಿತು. ಯಾರಾದರೂ ಎದುರು ಮಾತಾಡಿದರೆ ಸಾಕು, ಆ ಮಾತನ್ನೇ ತಿರುಚಿ ಅವರನ್ನು ಕೆಡವುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಇವಳು ತುಟಿಯನ್ನೇ ಬಿಚ್ಚುತ್ತಿಲ್ಲ! ಬಾಯಿ ಬಿಡಿಸಲೇಬೇಕೆಂದು ಅವನು ಅತ್ಯಂತ ಹೊಲಸು ಮಾತನ್ನು ಆರಿಸಿ ತೆಗೆದ.

"ನಿನ್ನ ಅವ್ವ ಏನು ದೊಡ್ಡ ವೀರೆಯೋ? ಓಡೋಕೆ ಕಾಲಲ್ಲಿ ಬಲ ಇರಲಿಲ್ಲ, ಅದಕ್ಕೇ ಸಿಕ್ಕಿಬಿದ್ದು ಸತ್ತಳು!"

ಕೆಂಚಿ ನಿಂತುಬಿಟ್ಟಳು. ಕಣ್ಣಲ್ಲಿ ನೀರು ತುಂಬಿತು. ಗಂಟಲ ತನಕ ಉತ್ತರ ಬಂತು. ತುಟಿ ಅಲುಗಿ ಒಂದು ಹನಿ ಕೆಳಗೆ ಬಿತ್ತು. ಬಾಯಿ ತೆರೆದರೆ ಉಳಿದ ನೀರೂ ನೆಲದ ಪಾಲು. ಅವಳು ಹಲ್ಲು ಕಚ್ಚಿ ಹಿಡಿದು, ತಲೆ ಎತ್ತಿ, ಮತ್ತೆ ಹೆಜ್ಜೆ ಇಟ್ಟಳು.

ಇದನ್ನೆಲ್ಲ ಕೆಳಗೆ ನಿಂತ ಆನೆಯಜ್ಜಿ ನೋಡುತ್ತಿದ್ದಳು. ಕೆಂಚಿಯ ತಾಯಿಯನ್ನು ಮಣ್ಣು ಮಾಡಿದ ಸೊಂಡಿಲು ಅವಳದೇ. ಆ ತಾಯಿ ಹೇಗೆ ಸತ್ತಳೆಂದು ಅವಳು ಕಣ್ಣಾರೆ ಕಂಡಿದ್ದಳು. ಅವಳು ನೆಟ್ಟಗೆ ಕೆರೆಗಿಳಿದು ಸೊಂಡಿಲ ತುಂಬ ನೀರೆಳೆದುಕೊಂಡಳು. ಅವಳ ಹಿಂದೆ ಕಾಡೆಮ್ಮೆ ಬಂತು. ಹಂದಿ ಬಂತು, ಮುಳ್ಳುಹಂದಿ ಬಂತು, ಕೆನ್ನೆ ಉಬ್ಬಿಸಿಕೊಂಡು ಮೊಲವೂ ಬಂತು. ಕಣಿವೆಗೆ ಹೊರಟಿದ್ದವರೆಲ್ಲ ಮರಳಿ ಬಂದರು. ನೋಡನೋಡುತ್ತಿದ್ದಂತೆ ಇಡೀ ಕಾಡು ಕೆಂಚಿಯ ಹಿಂದೆ ಸಾಲುಗಟ್ಟಿತು.

ಜಂಬುಕಯ್ಯ ಸಾಲಿನ ಆ ತುದಿಗೂ ಈ ತುದಿಗೂ ಓಡಾಡಿದ. ಬೆದರಿಸಿದ, ಅಂಗಲಾಚಿದ, ದೇವಿಯ ಮೇಲೆ ಆಣೆ ಇಟ್ಟ. "ಯಾರಾದರೂ ಮಾತಾಡ್ರಪ್ಪೋ!" ಎಂದು ಊಳಿಟ್ಟ. ಯಾರ ಬಾಯೂ ಖಾಲಿ ಇರಲಿಲ್ಲ.

ಎಲ್ಲರೂ ದಿಬ್ಬದ ಮೇಲೆ ಬಂದು ನೋಡಿದರು. ಅತ್ತಿಮರ ಅರ್ಧಕ್ಕರ್ಧ ಒಣಗಿತ್ತು. ವರ್ಷವರ್ಷವೂ ನರಿ ಸುರಿದೆನೆಂದ ನೀರಿನಲ್ಲಿ ಅದಕ್ಕೆ ಒಂದು ಹನಿಯೂ ಸಿಕ್ಕಿರಲಿಲ್ಲ. ಬೇರು ಕಡಿದು, ಸತ್ತವರ ಮಣ್ಣನ್ನೇ ಕೆದಕಿ, ಬುಡದಲ್ಲಿ ದೊಡ್ಡ ಬಿಲವೊಂದನ್ನು ತೋಡಲಾಗಿತ್ತು. ಬಿಲದ ಬಾಯಲ್ಲಿ ನರಿಯ ಹೆಜ್ಜೆಗಳೇ ತುಂಬಿದ್ದವು.

ಕೆಂಚಿ ಮರದ ಬುಡಕ್ಕೆ ಬಾಗಿ ತನ್ನ ಗುಟುಕನ್ನು ಸುರಿದಳು. ಅದು ಬಿಲದೊಳಗೆ ಇಳಿಯಿತು. ಕಾಡೆಮ್ಮೆ ಸುರಿಯಿತು, ಹಂದಿ ಸುರಿಯಿತು, ಮೊಲವೂ ಸುರಿಯಿತು.

"ಅಯ್ಯೋ, ಅಲ್ಲಿ ಬೇಡ! ಆಚೆ ಹಾಕಿ, ಆಚೆ!" ಎಂದು ಜಂಬುಕಯ್ಯ ಕುಣಿದಾಡಿದ.

ಆನೆಯಜ್ಜಿ ಅವನನ್ನೊಮ್ಮೆ ನೋಡಿದಳು. ಸೊಂಡಿಲನ್ನು ಬಿಲದ ಬಾಯಿಗೇ ಇಟ್ಟು ಭೋರ್ ಎಂದು ಸುರಿದಳು.

ಒಳಗಿಂದ ಕೆಮ್ಮು ಕೇಳಿಸಿತು. ಮರುಗಳಿಗೆಯಲ್ಲಿ ಎರಡು ಕತ್ತೆಕಿರುಬಗಳು ಕೆಸರು ಮೆತ್ತಿಕೊಂಡು, ಸೀನುತ್ತಾ ಹೊರಗೆ ಬಿದ್ದವು.

"ಲೋ ಜಂಬುಕ! ಇವತ್ತು ಎಲ್ಲರನ್ನೂ ಕಣಿವೆಗೆ ಅಟ್ಟಿ ಕೆರೆ ನಮಗೆ ಕೊಡಿಸ್ತೀನಿ, ನನಗೂ ದಿನಕ್ಕೊಂದು ಪಾಲು ಮಾಂಸ ಹಾಕಿ ಅಂತ ಬೇಡಿಕೊಂಡವನು ನೀನು! ಈಗ ನಮ್ಮನ್ನೇ ಮುಳುಗಿಸೋಕೆ ಆನೆ ಕರೆತಂದೆಯಾ?" ಎಂದು ಅವು ಕೂಗಾಡಿದವು.

ಬೇರೆ ಸಾಕ್ಷಿ ಇನ್ನೇನು ಬೇಕು? ಕಾಡೆಮ್ಮೆಗಳು ಕೊಂಬು ತಗ್ಗಿಸಿ ಮುನ್ನುಗ್ಗಿದವು. ಕತ್ತೆಕಿರುಬಗಳು ಬಿದ್ದೆನೋ ಸತ್ತೆನೋ ಎಂದು ಓಡಿದವು. ಜಂಬುಕಯ್ಯ ಅವುಗಳಿಗಿಂತ ಮುಂದೆ ಓಡಿದ, ಯಾಕೆಂದರೆ ಅವು ಈಗ ಅವನನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದವು. ಯಾರಿಗೆ ಕಾಡನ್ನು ಮಾರಲು ಹೊರಟಿದ್ದನೋ ಅವರ ಹಲ್ಲಿಗೇ ಅವನ ಬಾಲ ಸಿಕ್ಕಿತು. ಬಾಲ ಅಲ್ಲೇ ಉಳಿಯಿತು. ನರಿ ಮತ್ತೆ ಆ ಕಾಡಿನ ಕಡೆ ಸುಳಿಯಲಿಲ್ಲ.

ಎಲ್ಲರೂ ಸೇರಿ ಬಿಲವನ್ನು ಮುಚ್ಚಿದರು. ಕೆದಕಿದ ಮಣ್ಣನ್ನು ತಾವೇ ಎತ್ತಿ ಸತ್ತವರ ಮೇಲೆ ಮತ್ತೆ ಹೊದಿಸಿದರು. ಆನೆಯಜ್ಜಿ ಮರದ ಮುಂದೆ ಮಂಡಿಯೂರಿ, "ವನದೇವಿ, ನೀನು ಕೊಟ್ಟಿದ್ದನ್ನ ನಾವು ಕಾಯಲಿಲ್ಲ. ಕ್ಷಮಿಸು ತಾಯಿ. ಇನ್ನು ಮೇಲೆ ಕಾಲಿದ್ದವರೆಲ್ಲ ಹತ್ತಿ ಬರ್ತೀವಿ" ಎಂದಳು. ಯಾರ ಕಣ್ಣೂ ಒಣಗಿರಲಿಲ್ಲ.

ಕೆಂಚಿ ಕೊನೆಯವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಮರಿಯನ್ನು ಮುಂದಕ್ಕೆ ತಳ್ಳಿ, ಒದ್ದೆ ಮಣ್ಣಿಗೆ ಮೂಗು ತಾಗಿಸಿ ಹೇಳಿದಳು:

"ಅವ್ವಾ, ಇದು ನಿನ್ನ ಮೊಮ್ಮಗಳು. ಇವಳನ್ನ ಇನ್ನು ಯಾರೂ ನೀರಿಗೆ ಬದಲಾಗಿ ಕೇಳಲ್ಲ."

ನೀತಿ: ಸ್ವಾತಂತ್ರ್ಯ ದೇವರ ವರ, ಹಿರಿಯರ ತ್ಯಾಗದ ಫಲ. ಅದಕ್ಕೆ ಸಲ್ಲಿಸಬೇಕಾದ ಕೃತಜ್ಞತೆಯನ್ನು ನಾವೇ ಸಲ್ಲಿಸಬೇಕು. ಆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದವರು ಸ್ವಾತಂತ್ರ್ಯವನ್ನೂ ಅವರ ಕೈಗೇ ಒಪ್ಪಿಸುತ್ತಾರೆ.